ಮಸೆಗಲ್ಲಿಗೆ ಮಣಿಯುವ ಉಕ್ಕು

ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ಚಾಕುವಿನ ಹರಿತ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಅಳೆಯುವ ಯಂತ್ರವಿದೆ. ಅಲ್ಲಿನ ಕ್ಯಾಟ್ರಾ ಎಂಬ ಸಂಶೋಧನಾ ಸಂಸ್ಥೆ ರೂಪಿಸಿದ್ದು. ಅಲಗನ್ನು ಬಿಗಿದು ಅದರ ಬಾಯಿಗೆ ದಪ್ಪ ಕಾಗದದ ಕಟ್ಟನ್ನು ಒತ್ತಿ ಹಿಂದೆ ಮುಂದೆ ಎಳೆಯುತ್ತಾರೆ. ಹೀಗೆ 60 ಸಲ ಹಿಂದೆ ಮುಂದೆ ಎಳೆದಾಗ ಒಟ್ಟು ಎಷ್ಟು ಮಿಲಿಮೀಟರ್ ಕಾಗದ ಕೊಯ್ದಿತೋ ಅದೇ ಆ ಅಲಗಿನ ಅಂಕ. ಆ ಕಾಗದ ಮಾತ್ರ ಸಾದಾ ಕಾಗದವಲ್ಲ. ಅದರಲ್ಲಿ ಶೇ 5ರಷ್ಟು ಸಿಲಿಕಾ, ಅಂದರೆ ಮರಳಿನ ಮೂಲದ್ರವ್ಯ, ಬೆರೆಸಿರುತ್ತಾರೆ. ಬೆರೆಸದಿದ್ದರೆ ಒಳ್ಳೆಯ ಉಕ್ಕು ಬೇಗ ಮೊಂಡಾಗುವುದಿಲ್ಲ.

ರಾಯಚೂರು ಜಿಲ್ಲೆಯ ಸಿಂಧನೂರಿನ ಗದ್ದೆಯಲ್ಲಿ ಈ ಬೆರಕೆಯನ್ನು ಬೆಳೆಯೇ ಮಾಡಿಕೊಂಡು ಬಂದಿರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡು ಬೆಳೆದ ಭತ್ತದ ಗಿಡ ನೆಲದಿಂದ ಸಿಲಿಕಾ ಹೀರಿ ತನ್ನ ಕಾಂಡ, ಎಲೆ, ಹೊಟ್ಟಿನಲ್ಲೆಲ್ಲ ಕೂಡಿಡುತ್ತದೆ. ಒಣಹುಲ್ಲಿನ ತೂಕದಲ್ಲಿ ಹೆಚ್ಚುಕಡಿಮೆ ಹತ್ತನೇ ಒಂದು ಪಾಲು ಸಿಲಿಕಾ. ಹೊಟ್ಟು ಸುಟ್ಟ ಬೂದಿಯಲ್ಲಂತೂ ಶೇ 85ಕ್ಕೂ ಮೇಲೆ. ಭತ್ತದ ಎಲೆ ಸವರಿದರೆ ಕೈ ಗೀರುವುದೂ ಇದರಿಂದಲೇ. ಶೆಫೀಲ್ಡ್‌ನವರು ಲೆಕ್ಕ ಹಾಕಿ ಬೆರೆಸಿದ್ದರ ಎರಡು ಪಾಲು ಇಲ್ಲಿ ತೆನೆಯ ಜೊತೆಗೇ ಬರುತ್ತದೆ. ಬುಡಕ್ಕೆ ಹತ್ತಿದ ಕೆಸರಿನ ಮರಳು ಬೇರೆ.

ಆದ್ದರಿಂದ ಚಾಕುವಿನ ಹೊಸ ಉಕ್ಕುಗಳ ಬಗ್ಗೆ ಈಗ ಜಗತ್ತಿನಾದ್ಯಂತ ನಡೆದಿರುವ ಚರ್ಚೆಯನ್ನು ಸಿಂಧನೂರು, ಮಸ್ಕಿ, ಲಿಂಗಸುಗೂರಿನ ನೆಲದಲ್ಲಿ ನಿಂತು ನೋಡುವುದು ವಿನೋದಕ್ಕಲ್ಲ. ಇಲ್ಲಿ ಹರಿತ ಕೂಲಿಯ ಪ್ರಶ್ನೆ. ಎಕರೆಗಿಷ್ಟು ಎಂದು ಗುತ್ತಿಗೆ ಹಿಡಿದು ಕೊಯ್ಲಿಗೆ ಇಳಿದ ಹೆಂಗಸಿಗೆ ಮೊಂಡ ಕುಡುಗೋಲು ಎಂದರೆ ರಟ್ಟೆನೋವು, ತಡವಾಗಿ ಮುಗಿಯುವ ಹೊಲ. ಹಾಗಾದರೆ ಅತ್ಯಂತ ಹೆಚ್ಚು ಹೊತ್ತು ಹರಿತ ನಿಲ್ಲುವ ಉಕ್ಕು ಅವಳಿಗೆ ಅತ್ಯುತ್ತಮವೇ? ಅಲ್ಲ ಎಂಬುದು ನನ್ನ ವಾದ. ಇದನ್ನು ಹಳೆಯದರ ಮೇಲಿನ ಮೋಹದಿಂದ ಹೇಳುತ್ತಿಲ್ಲ, ಲೋಹಶಾಸ್ತ್ರದ ಆಧಾರದ ಮೇಲೆಯೇ ಹೇಳುತ್ತಿದ್ದೇನೆ.

ಮೊದಲು ಉಕ್ಕಿನ ಒಳಗೆ ಏನಿದೆ ನೋಡೋಣ. ಕಬ್ಬಿಣಕ್ಕೆ ಇಂಗಾಲ ಸೇರಿ, ಕೆಂಪಗೆ ಕಾಯ್ದು, ಸರ್ರನೆ ತಣಿದಾಗ ಅದು ಗಡಸಾಗುತ್ತದೆ. ಇಂಗಾಲ ಹೆಚ್ಚಿದ್ದು, ಕ್ರೋಮಿಯಂ, ವೆನೇಡಿಯಂ ಕೂಡ ಇದ್ದರೆ ಆ ಗಡಸು ಲೋಹದ ನಡುವೆ ಕಾರ್ಬೈಡ್ ಎಂಬ ಇನ್ನೂ ಗಟ್ಟಿ ಕಣಗಳು ಹುಟ್ಟುತ್ತವೆ, ಕಾಂಕ್ರೀಟಿನೊಳಗೆ ಜಲ್ಲಿ ಕೂತ ಹಾಗೆ. ಸವಕಳಿಯನ್ನು ತಡೆಯುವವು ಈ ಕಣಗಳೇ. ಗಡಸುತನ ಅಳೆಯುವ ವಿಕರ್ಸ್ ಮಾನದಲ್ಲಿ ಹೇಳುವುದಾದರೆ, ಚೆನ್ನಾಗಿ ಗಡಸು ಮಾಡಿದ ಉಕ್ಕು ಸುಮಾರು 700ರಿಂದ 800. ಸಾದಾ ಕಬ್ಬಿಣದ ಕಾರ್ಬೈಡ್ ಸಾವಿರದ ಆಸುಪಾಸು. ಸ್ಫಟಿಕಶಿಲೆ, ಅಂದರೆ ಶುದ್ಧ ಸಿಲಿಕಾ, ಅದಕ್ಕಿಂತ ತುಸು ಮೇಲೆ. ಕ್ರೋಮಿಯಂ ಕಾರ್ಬೈಡ್ 1500ರ ಹತ್ತಿರ ಅಥವಾ ಮೇಲೆ. ವೆನೇಡಿಯಂ ಕಾರ್ಬೈಡ್ 2500 ದಾಟುತ್ತದೆ. ಮರಳು ಸಾದಾ ಉಕ್ಕನ್ನು ಗೀರಬಲ್ಲದು, ವೆನೇಡಿಯಂ ಕಣವನ್ನು ಗೀರಲಾರದು.

ಕಳೆದ ಎರಡೂವರೆ ದಶಕಗಳ ಚಾಕು ಉಕ್ಕಿನ ಕಥೆಯಲ್ಲಿ ಹೆಚ್ಚಿನದು ಈ ವೆನೇಡಿಯಂನದೇ. ಅಮೆರಿಕದ ಕ್ರೂಸಿಬಲ್ ಕಂಪನಿ ರೂಪಿಸಿದ ಎಸ್30ವಿ ಉಕ್ಕಿನಲ್ಲಿ ಶೇ 4ರಷ್ಟು ವೆನೇಡಿಯಂ, ಎಸ್90ವಿ ಉಕ್ಕಿನಲ್ಲಿ ಶೇ 9. ಇಷ್ಟೊಂದನ್ನು ಸಾದಾ ರೀತಿಯಲ್ಲಿ ಕರಗಿಸಿ ಎರಕ ಹೊಯ್ದರೆ ಕಣಗಳು ದಪ್ಪದಪ್ಪಗಾಗಿ ಅಲಗು ಚಕ್ಕೆ ಏಳುತ್ತದೆ. ಅದಕ್ಕೇ ಕರಗಿದ ಉಕ್ಕನ್ನು ಅನಿಲದಿಂದ ಸಿಂಪಡಿಸಿ ನುಣ್ಣನೆಯ ಪುಡಿ ಮಾಡಿ, ಆ ಪುಡಿಯನ್ನು ಕಾಯಿಸಿ ಒತ್ತಿ ಮತ್ತೆ ಗಟ್ಟಿ ಮಾಡುತ್ತಾರೆ. 2021ರಲ್ಲಿ ಲೋಹವಿಜ್ಞಾನಿ ಲ್ಯಾರಿನ್ ಥಾಮಸ್ ರೂಪಿಸಿದ ಮ್ಯಾಗ್ನಾಕಟ್ ಬಂದಾಗ ಹೊಗಳಿಕೆಗೆ ಕಾರಣವಾದದ್ದು ಹರಿತದ ದಾಖಲೆಯಲ್ಲ. ಕ್ರೋಮಿಯಂ ಕಾರ್ಬೈಡನ್ನು ಹೆಚ್ಚುಕಡಿಮೆ ಇಲ್ಲವಾಗಿಸಿ, ವೆನೇಡಿಯಂ ಮತ್ತು ನಿಯೋಬಿಯಂನ ಸಣ್ಣ ಕಣಗಳನ್ನಷ್ಟೇ ಉಳಿಸಿ, ತುಕ್ಕು ಹಿಡಿಯದ ಉಕ್ಕಿಗೂ ತಾಳಿಕೆ, ಅಂದರೆ ಚಕ್ಕೆ ಏಳದ ಗುಣ, ಕೊಟ್ಟದ್ದು ಅದರ ಹೆಚ್ಚುಗಾರಿಕೆ. ಹರಿತದ ಅಂಕದ ಕೋಷ್ಟಕಗಳಲ್ಲಿ ಮೇಲೆ ಕೂತ ಉಕ್ಕುಗಳನ್ನೆಲ್ಲ ಹಿಂದೆ ಹಾಕುವ ಓಟವನ್ನು ಅದನ್ನು ಮಾಡಿದವರೇ ಬಿಟ್ಟುಕೊಟ್ಟರು ಎಂಬುದನ್ನು ಗಮನಿಸಬೇಕು.

ಇನ್ನು ಗದ್ದೆಯ ಬದುವಿಗೆ ಬರೋಣ. ಕೊಯ್ಯುವವಳು ಎದ್ದು ಸೊಂಟ ನೇರ ಮಾಡಿಕೊಂಡು, ಕುಡುಗೋಲಿನ ಬಾಯಿಗೆ ಹೆಬ್ಬೆರಳನ್ನು ಅಡ್ಡವಾಗಿ ಸವರಿ ನೋಡುತ್ತಾಳೆ. ಬೆರಳಿಗೆ ಅಂಚು ಕಚ್ಚದೆ ಜಾರಿದರೆ, "ಬಾಯಿ ಹೋಗೈತಿ" ಎಂದು ಕಲ್ಲಿನ ಮೇಲೆ ನಾಲ್ಕು ಹನಿ ನೀರು ಚೆಲ್ಲಿ, ಅಲಗಿನ ತುದಿಯಿಂದ ಹಿಡಿಯವರೆಗೆ ಒಂದೇ ಬಾಗಿನಲ್ಲಿ ಮಸೆಯುತ್ತಾಳೆ. ಬೂದುಬಣ್ಣದ ರಾಡಿ ಏಳುತ್ತದೆ, ಬೆರಳಲ್ಲಿ ಒರೆಸುತ್ತಾಳೆ, ಮತ್ತೆ ಬಗ್ಗುತ್ತಾಳೆ. ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತಿನ ಕೆಲಸ.

ಆ ಮರಳುಗಲ್ಲಿನಲ್ಲಿ ಇರುವುದು ಏನು? ಸ್ಫಟಿಕದ ಕಣಗಳು. ಅದೂ ಸಿಲಿಕಾ. ಭತ್ತದ ಕಾಂಡದಲ್ಲಿ ಕೂತು ಅಲಗನ್ನು ಮೊಂಡು ಮಾಡಿದ ವಸ್ತುವೂ, ಕಲ್ಲಿನಲ್ಲಿ ಕೂತು ಅದನ್ನು ಹರಿತ ಮಾಡಿದ ವಸ್ತುವೂ ಒಂದೇ. ಗಿಡದೊಳಗಿನ ಸಿಲಿಕಾ ಕಲ್ಲಿನದಕ್ಕಿಂತ ಸ್ವಲ್ಪ ಮೆದು ಅಷ್ಟೇ. ಈಗ ಎಸ್90ವಿಯಲ್ಲಿ ಮಾಡಿದ ಕುಡುಗೋಲನ್ನು ಆಕೆಯ ಕೈಗೆ ಕೊಡಿ. ಭತ್ತದ ಸಿಲಿಕಾಕ್ಕೆ ಬಗ್ಗದ ಉಕ್ಕು ಕಲ್ಲಿನ ಸಿಲಿಕಾಕ್ಕೂ ಬಗ್ಗುವುದಿಲ್ಲ. ಹೊತ್ತು ಹೆಚ್ಚು ತಾಳುತ್ತದೆ ನಿಜ. ಆದರೆ ಒಮ್ಮೆ ಮೊಂಡಾದರೆ ಬದುವಿನ ಕಲ್ಲಿನ ಮೇಲೆ ಎಷ್ಟು ತಿಕ್ಕಿದರೂ ಕಣಗಳ ಸುತ್ತಲ ಮೆದು ಲೋಹ ಸವೆದು ಕಣಗಳು ಹಾಗೇ ಉಳಿಯುತ್ತವೆ. ಅದಕ್ಕೆ ವಜ್ರದ ಪುಡಿ ಲೇಪಿಸಿದ ಪಟ್ಟಿ ಬೇಕು. ಪೇಟೆಯಲ್ಲಿ ಸಿಗುವ ಸಾಣೆಚಕ್ರದ ಅಲ್ಯೂಮಿನಿಯಂ ಆಕ್ಸೈಡ್ ಕೂಡ ವೆನೇಡಿಯಂ ಕಾರ್ಬೈಡ್‌ಗಿಂತ ಮೆದು. ಹರಿತ ನಿಲ್ಲುವ ಗುಣ, ಹರಿತ ಮಾಡಿಸಿಕೊಳ್ಳುವ ಗುಣ ಎಂದು ನಾವು ಬೇರೆ ಬೇರೆ ಮಾಡಿ ಮಾತಾಡುವುದೇ ತಪ್ಪು. ಒಂದನ್ನು ಕೊಂಡರೆ ಇನ್ನೊಂದರಿಂದ ಕಳೆದುಕೊಳ್ಳಬೇಕು.

ಹಾಗಾದರೆ ಮಸೆಯಲು ಆಗದ ಅಲಗೇ ಇರಬಾರದೇ? ಇರಬಹುದು, ಮಸೆಯುವ ವ್ಯವಸ್ಥೆ ಬೇರೆ ಕಡೆ ಇದ್ದರೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯನ್ನೇ ತೆಗೆದುಕೊಳ್ಳಿ. ಅಲ್ಲಿ ಚಿನ್ನ ಕೂತಿರುವುದು ಸ್ಫಟಿಕಶಿಲೆಯ ಎಳೆಗಳಲ್ಲಿ. ಭತ್ತದಲ್ಲಿ ಹತ್ತನೇ ಒಂದು ಪಾಲಿದ್ದ ಸಿಲಿಕಾ ಅಲ್ಲಿ ಬಂಡೆಯಾಗಿ ಎದುರು ನಿಂತಿದೆ. ಪ್ರಾಚೀನರು ಬಂಡೆಗೆ ಬೆಂಕಿ ಹಾಕಿ ಸಿಡಿಸಿ, ಕುಟ್ಟಿ ನೂರಾರು ಅಡಿ ಆಳಕ್ಕೆ ಇಳಿದಿದ್ದರು. ಇವತ್ತು ಬಂಡೆ ಕೊರೆಯುವುದು ಟಂಗ್‌ಸ್ಟನ್ ಕಾರ್ಬೈಡ್ ಗುಂಡಿ ಕೂರಿಸಿದ ಬಿಟ್. ಅದನ್ನು ಮತ್ತೆ ಉಜ್ಜಲು ವಜ್ರದ ಚಕ್ರವಿದೆ, ಅದಕ್ಕೆಂದೇ ಆಳಿದ್ದಾನೆ, ಖರ್ಚು ಕಂಪನಿಯದು. ಅಲ್ಲಿ ಸವೆಯದ ವಸ್ತು ಲಾಭ. ಒಂಟಿ ಕೂಲಿಯವಳ ಹತ್ತಿರ ಇರುವುದು ಒಂದು ಕಲ್ಲು, ಒಂದು ತಂಬಿಗೆ ನೀರು.

ಇನ್ನೊಂದು ದಾರಿಯೂ ಇದೆ: ಮಸೆಯುವ ಗೋಜೇ ಇಲ್ಲದೆ ಅಲಗನ್ನೇ ಬದಲಿಸುವುದು. ಇದನ್ನು ಈ ನೆಲ ಎಲ್ಲಕ್ಕಿಂತ ಮೊದಲು ಕಲಿತದ್ದು. ಮಸ್ಕಿ ಎಂದರೆ ಎಲ್ಲರಿಗೂ 1915ರಲ್ಲಿ ಸಿಕ್ಕ, ಅಶೋಕನ ಹೆಸರಿದ್ದ ಶಾಸನ ನೆನಪಾಗುತ್ತದೆ. ನನಗೆ ಮಾತ್ರ 1954ರಲ್ಲಿ ಪುರಾತತ್ವಜ್ಞ ಬಿ.ಕೆ. ಥಾಪರ್ ಅಲ್ಲಿ ಅಗೆದಾಗ ಕೆಳಪದರಗಳಲ್ಲಿ ಸಿಕ್ಕ ಚರ್ಟ್ ಕಲ್ಲಿನ ಉದ್ದನೆಯ ಅಲಗುಗಳ ಮೇಲೆ ಹೆಚ್ಚು ಅಭಿಮಾನ. ಮೂರು ಸಾವಿರ ವರ್ಷಕ್ಕೂ ಹಿಂದಿನವು. ಎರಡೂ ಅಂಚು ಸಮಾನಾಂತರವಾಗಿರುವಂತೆ, ಒಂದೇ ಕಲ್ಲಿನ ಗಡ್ಡೆಯಿಂದ ಒಂದಾದ ಮೇಲೊಂದು ಎಬ್ಬಿಸಿದ ಅಲಗುಗಳು. ಚರ್ಟ್ ಸ್ವತಃ ಸಿಲಿಕಾ. ಒಡೆದ ಅಂಚು ಉಕ್ಕಿಗಿಂತ ತೆಳು, ಆದರೆ ಬಾಗುವ ಗುಣವಿಲ್ಲ. ಇಂಥ ಅಲಗುಗಳನ್ನು ಮರ ಇಲ್ಲವೇ ಎಲುಬಿನ ಸೀಳಿನಲ್ಲಿ ಸಾಲಾಗಿ ಕೂರಿಸಿ, ಮುರಿದದ್ದನ್ನು ಕಿತ್ತು ಹೊಸದನ್ನು ಸೇರಿಸುತ್ತಿದ್ದರು. ಇವತ್ತು ಸಿಂಧನೂರಿನ ಗದ್ದೆಗಳಲ್ಲಿ ಅಬ್ಬರಿಸುವ ಕಂಬೈನ್ ಹಾರ್ವೆಸ್ಟರ್‌ನ ಮುಂಭಾಗ ನೋಡಿ: ಒಂದು ಪಟ್ಟಿಯ ಮೇಲೆ ಸಾಲಾಗಿ ಬಿಗಿದ ತ್ರಿಕೋನದ ಅಲಗುಗಳು, ಅಂಚು ಮಾತ್ರ ಗಡಸು ಮಾಡಿದವು. ಸವೆದದ್ದನ್ನು ಬಿಚ್ಚಿ ಹೊಸದು ಹಾಕುತ್ತಾರೆ. ಮಸ್ಕಿಯ ಕಲ್ಲಿನ ಕೆಲಸಗಾರನಿಗೆ ಇದರಲ್ಲಿ ತಿಳಿಯದ್ದು ಎಂಜಿನ್ ಒಂದೇ.

ಭತ್ತದ ಬಹುಪಾಲು ಕೊಯ್ಲು ಈಗ ಈ ಯಂತ್ರದ್ದೇ. ಹಾಗೆಂದು ಕುಡುಗೋಲಿನ ಮಾತು ಹಳತಾಗಿಲ್ಲ. ಮಳೆಗೆ ಮಲಗಿದ ಬೆಳೆ, ಯಂತ್ರ ತಿರುಗದ ಮೂಲೆ, ದನದ ಮೇವು, ಜೋಳ, ಸಜ್ಜೆ, ತೊಗರಿ ಎಲ್ಲ ಕೈಯ ಪಾಲು. ಇದರಲ್ಲೂ ತೊಗರಿಯದು ಬೇರೆಯೇ ಕಥೆ. ಲಿಂಗಸುಗೂರು, ಮಸ್ಕಿ ಕಡೆಯ ಬೆದ್ದಲು ಹೊಲದಲ್ಲಿ ಬಲಿತ ತೊಗರಿಯ ಬುಡ ಕಟ್ಟಿಗೆಯೇ. ಅದನ್ನು ಕೊಯ್ಯುವುದಲ್ಲ, ನೆಲಕ್ಕೆ ಹತ್ತಿ ಹೊಡೆಯಬೇಕು. ಎರಡು ಏಟಿಗೊಮ್ಮೆ ಅಲಗು ಹರಳಿಗೆ ತಾಕುತ್ತದೆ. ಅಲ್ಲಿ ಬೇಕಾದದ್ದು ಗಡಸುತನಕ್ಕಿಂತ ತಾಳಿಕೆ: ಬಾಗಬೇಕು, ಚಕ್ಕೆ ಏಳಬಾರದು. ಕಾರ್ಬೈಡ್ ತುಂಬಿದ ಉಕ್ಕು ಕಾಗದದ ಪರೀಕ್ಷೆಯಲ್ಲಿ ಗೆದ್ದು ತೊಗರಿಯ ಬುಡದಲ್ಲಿ ಹಲ್ಲುದುರಿ ಸೋಲುತ್ತದೆ. ಡಿ2 ಎಂಬ ಹೆಸರಾಂತ ಉಕ್ಕು, ಶೇ 1.5 ಇಂಗಾಲ, ಶೇ 12 ಕ್ರೋಮಿಯಂ ಇರುವಂಥದ್ದು, ಲೋಹದ ತಗಡು ಕತ್ತರಿಸುವ ಅಚ್ಚುಗಳಿಗೆ ಹೇಳಿ ಮಾಡಿಸಿದ್ದು. ಅದರಲ್ಲಿ ತೊಗರಿ ಕತ್ತಿ ಮಾಡಿಸಬೇಡಿ. ಒಂದೇ ಜಿಲ್ಲೆಯ ನೀರಾವರಿ ಹೊಲಕ್ಕೊಂದು ಉಕ್ಕು, ಬೆದ್ದಲು ಹೊಲಕ್ಕೊಂದು ಉಕ್ಕು ಬೇಕಾಗುವಾಗ, ಜಗತ್ತಿಗೆಲ್ಲ ಒಂದೇ ಉತ್ತಮ ಉಕ್ಕು ಎಂಬ ಮಾತಿಗೆ ಅರ್ಥವಿಲ್ಲ.

ನಮ್ಮ ಕಮ್ಮಾರರು ಆಯ್ದುಕೊಂಡದ್ದು ಲಾರಿಯ ಕಮಾನು ಪಟ್ಟಿಯನ್ನು. ಅಗ್ಗಕ್ಕೆ ಗುಜರಿಯಲ್ಲಿ ಸಿಗುತ್ತದೆ ಎಂಬುದು ಮೊದಲ ಕಾರಣ, ಆದರೆ ಆಯ್ಕೆ ಕೆಟ್ಟದ್ದಲ್ಲ. ಸುಮಾರು ಶೇ 0.55ರಿಂದ 0.6 ಇಂಗಾಲ, ಜೊತೆಗೆ ಸಿಲಿಕಾನ್, ಮ್ಯಾಂಗನೀಸ್ ಇರುವ ಈ ಉಕ್ಕು ಹುಟ್ಟಿದ್ದೇ ಲಕ್ಷಾಂತರ ಸಲ ಬಾಗಿಯೂ ಮುರಿಯದಿರಲು. ದೊಡ್ಡ ಕಾರ್ಬೈಡ್ ಕಣಗಳಿಲ್ಲ, ಆದ್ದರಿಂದ ಸವಕಳಿ ಬೇಗ. ಆದರೆ ಯಾವ ಕಲ್ಲಿಗಾದರೂ ಮಣಿಯುತ್ತದೆ. ತೊಗರಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಸೂಚಿಸಲಾರೆ. ಭತ್ತಕ್ಕಾದರೆ ಇಂಗಾಲ ಇನ್ನಷ್ಟು ಇದ್ದರೆ ಚೆನ್ನ: ಹಳೆಯ ಅರ, ಬೇರಿಂಗ್‌ನ ಹೊರಬಳೆ. ಬೇರಿಂಗ್‌ಗೆ ಬಳಸುವ 52100 ಉಕ್ಕಿನಲ್ಲಿ ಶೇ 1 ಇಂಗಾಲ, ಶೇ 1.5 ಕ್ರೋಮಿಯಂ ಇದ್ದು, ಸಣ್ಣ ಕಣಗಳಿಂದಾಗಿ ಹರಿತವೂ ನಿಲ್ಲುತ್ತದೆ, ಮಸೆಯಲೂ ಬರುತ್ತದೆ.

ಭತ್ತಕ್ಕೆಂದು ಸಂತೆಯಲ್ಲಿ ಮಾರುವ ಹಲ್ಲುಕುಡುಗೋಲು ಇನ್ನೂ ಜಾಣತನದ್ದು. ಅಲ್ಲಿ ಉಕ್ಕು ಸಾಧಾರಣ, ಉಪಾಯವೆಲ್ಲ ಹಲ್ಲಿನ ಓರೆಯಲ್ಲಿದೆ. ಹಲ್ಲಿನ ತುದಿ ಮೊಂಡಾದರೂ ಹಲ್ಲುಗಳ ನಡುವಿನ ಕೊರಕಲು ಕೊಯ್ಯುತ್ತಲೇ ಇರುತ್ತದೆ. ಆಕಾರ ಎಷ್ಟು ದೊಡ್ಡ ಸಂಗತಿ ಎಂಬುದು ಕ್ಯಾಟ್ರಾ ಯಂತ್ರದಲ್ಲೂ ಕಂಡಿದೆ. ಲ್ಯಾರಿನ್ ಥಾಮಸ್ ಹತ್ತಾರು ಉಕ್ಕುಗಳನ್ನು ಹೋಲಿಸಿದಾಗ, ಅಂಚಿನ ಕೋನವನ್ನು ಕೆಲವೇ ಡಿಗ್ರಿ ಕಡಿಮೆ ಮಾಡುವುದರಿಂದ ಸಿಗುವ ಲಾಭ ಎಷ್ಟೋ ಸಲ ದುಬಾರಿ ಉಕ್ಕಿಗೆ ಜಿಗಿಯುವುದರಿಂದ ಸಿಗುವ ಲಾಭಕ್ಕೆ ಸಮನಾಗಿತ್ತು. ಅಂದರೆ ಸಾಧಾರಣ ಉಕ್ಕನ್ನು ತೆಳ್ಳಗೆ ಹಣಿದ ಕಮ್ಮಾರ, ದುಬಾರಿ ಉಕ್ಕನ್ನು ದಪ್ಪಗೆ ಬಿಟ್ಟ ಕಾರ್ಖಾನೆಯನ್ನು ಸೋಲಿಸಬಹುದು.

ಇಲ್ಲಿ ನಮ್ಮವರ ಇನ್ನೊಂದು ಮಾತಿಗೂ ಉತ್ತರ ಹೇಳಬೇಕು. ಈ ಚರ್ಚೆ ಎದ್ದಾಗಲೆಲ್ಲ ಯಾರಾದರೊಬ್ಬರು, ನಮ್ಮ ಪ್ರಾಚೀನ ಮೂಸೆ ಉಕ್ಕಿನ ಮುಂದೆ ಇವೆಲ್ಲ ಏನು ಮಹಾ ಎನ್ನುತ್ತಾರೆ. ದಕ್ಷಿಣ ಭಾರತದ ಮೂಸೆ ಉಕ್ಕು ದೊಡ್ಡ ಸಾಧನೆ, ಅನುಮಾನವಿಲ್ಲ. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಅದನ್ನು ಮಾಡಿದ ಮೂಸೆಗಳ ಚೂರುಗಳು ಸಿಕ್ಕಿವೆ. 1800ರಲ್ಲಿ ಮೈಸೂರು ಸೀಮೆಯಲ್ಲಿ ಅಡ್ಡಾಡಿದ ಫ್ರಾನ್ಸಿಸ್ ಬುಕಾನನ್ ಉಕ್ಕಿನ ಕುಲುಮೆಗಳನ್ನು ಕಂಡು ಬರೆದಿದ್ದಾನೆ. ಆ ಉಕ್ಕಿನಿಂದಾದ ದಮಾಸ್ಕಸ್ ಕತ್ತಿಗಳ ಅಲೆಯಲೆಯ ಚಿತ್ತಾರಕ್ಕೆ ಅದಿರಿನಿಂದ ಬಂದ ಅತ್ಯಲ್ಪ ಪ್ರಮಾಣದ ವೆನೇಡಿಯಂನಂಥ ಕಲಬೆರಕೆಯೇ ಕಾರಣ ಎಂದು ಅಮೆರಿಕದ ಲೋಹವಿಜ್ಞಾನಿ ಜಾನ್ ವರ್ಹೋವೆನ್ ಮತ್ತು ಕಮ್ಮಾರ ಆಲ್ಫ್ರೆಡ್ ಪೆಂಡ್ರೆ ತೋರಿಸಿದರು. ಇಂದು ಶೇ 9ರಷ್ಟು ಸುರಿಯುವ ಲೋಹ ಅಂದು ಶೇಕಡಾ ನೂರನೇ ಒಂದರ ಆಸುಪಾಸಿನಲ್ಲೇ ಕೆಲಸ ಮಾಡಿತ್ತು. ಆದರೆ ಅದೇ ವರ್ಹೋವೆನ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಸವಕಳಿ ಪರೀಕ್ಷೆಗಳಲ್ಲಿ, ಅಲಗುಗಳನ್ನು ಪೂರ್ತಿ ಗಡಸು ಮಾಡಿ ಹೋಲಿಸಿದಾಗ ಮೂಸೆ ಉಕ್ಕಿಗೆ ಮೇಲುಗೈ ಸಿಗಲಿಲ್ಲ; ಕ್ಷೌರದ ಬ್ಲೇಡಿಗೆಂದು ಮಾಡುವ ಸಾಮಾನ್ಯ ಸ್ಟೇನ್‌ಲೆಸ್ ಉಕ್ಕು ಅದರ ಮುಂದೆ ಏನೂ ಕಡಿಮೆಯಾಗಲಿಲ್ಲ. ಪೂರ್ವಜರನ್ನು ಗೌರವಿಸಲು ಸುಳ್ಳು ಹೇಳಬೇಕಾಗಿಲ್ಲ.

ಅಡುಗೆಮನೆಯ ವಿಷಯ ಸರಳ, ಬೇಗ ಮುಗಿಸುತ್ತೇನೆ. ಟೊಮೆಟೊ, ಹುಣಸೆ, ಮಾವಿನಕಾಯಿಯ ಹುಳಿ ಸಾದಾ ಉಕ್ಕಿನ ತೆಳ್ಳನೆಯ ಅಂಚನ್ನು ತಿಂದೇ ಮೊಂಡು ಮಾಡುತ್ತದೆ. ಸಿಲಿಕಾದ ಕಾಟ ಕಡಿಮೆ. ಆದ್ದರಿಂದ ಈಳಿಗೆಗಾಗಲಿ, ಚಾಕುವಿಗಾಗಲಿ ಶೇ 0.5ರಿಂದ 0.7 ಇಂಗಾಲದ ಸ್ಟೇನ್‌ಲೆಸ್ ಸಾಕು. ಸಿಂಧನೂರು ಸುತ್ತಲಿನ ಪುನರ್ವಸತಿ ಕ್ಯಾಂಪುಗಳ ಬಂಗಾಳಿ ಮನೆಗಳಿಗೂ ಇದೇ ಮಾತು. ಅವರ ಬೊಂಟಿ ನಮ್ಮ ಈಳಿಗೆಯ ಅಕ್ಕನೇ. ತರಕಾರಿಯ ಜೊತೆಗೆ ಮೀನಿನ ಮುಳ್ಳನ್ನೂ ಕತ್ತರಿಸಬೇಕಾದ್ದರಿಂದ ಅಂಚು ತುಸು ದಪ್ಪಗಿರಬೇಕು, ಅಷ್ಟೇ ವ್ಯತ್ಯಾಸ.

ನಿಜವಾದ ಸೋರಿಕೆ ಇರುವುದು ಉಕ್ಕಿನ ಆಯ್ಕೆಯಲ್ಲಲ್ಲ, ಹದದಲ್ಲಿ. ಕುಲುಮೆಯ ಮುಂದೆ ಅರ್ಧ ಗಂಟೆ ಕೂತರೆ ಇದು ಕಾಣುತ್ತದೆ. ಪಟ್ಟಿ ಕೆಂಡದಲ್ಲಿ ಕೆಂಪಾಗಿ, ಕಿತ್ತಳೆಗೆ ತಿರುಗುವ ಹೊತ್ತಿಗೆ ಎತ್ತಬೇಕು. ಕಮಾನು ಪಟ್ಟಿಯ ಉಕ್ಕಿಗೆ 860 ಡಿಗ್ರಿಯ ಆಸುಪಾಸು ಸರಿ. ಅದನ್ನು ಕಣ್ಣಳತೆಯಲ್ಲೇ ಹಿಡಿಯುವ ಕಮ್ಮಾರ ಕತ್ತಲ ಮೂಲೆಯಲ್ಲಿ ಕುಲುಮೆ ಹೂಡುವುದು ಸುಮ್ಮನಲ್ಲ. ಬಿಸಿಲಿನಲ್ಲಿ ಆ ಕೆಂಪು ಕಾಣುವುದೇ ಇಲ್ಲ. ಬಿಸಿ ಮೀರಿದರೆ ಉಕ್ಕಿನ ಹರಳು ದಪ್ಪವಾಗಿ ಅಲಗು ಒಡಕಲಾಗುತ್ತದೆ. ಆಮೇಲೆ ಎಣ್ಣೆಯಲ್ಲಿ ಅದ್ದಬೇಕು. ಈ ಉಕ್ಕನ್ನು ನೀರಿನಲ್ಲಿ ಅದ್ದಿದರೆ ಬಿರುಕು ಬಿಡುವ ಭಯವಿದೆ. ಕೊನೆಗೆ ಮತ್ತೆ ಹಗುರಾಗಿ ಕಾಯಿಸಿ ಹದ ತರಬೇಕು: ಉಜ್ಜಿ ಬೆಳ್ಳಗೆ ಮಾಡಿದ ಅಲಗಿನ ಮೇಲೆ ಹುಲ್ಲಿನ ಹಳದಿ ಬಣ್ಣ ಓಡಿದರೆ 220 ಡಿಗ್ರಿ, ನೀಲಿಗೆ ತಿರುಗಿದರೆ 300ರ ಹತ್ತಿರ. ಭತ್ತದ ಕುಡುಗೋಲನ್ನು ಹಳದಿಯಲ್ಲೇ ನಿಲ್ಲಿಸಬೇಕು. ತೊಗರಿ ಕತ್ತಿಯನ್ನು ಕಂದು ದಾಟಿ ನೇರಳೆಗೆ ಬಿಡಬಹುದು. ಇಷ್ಟರಲ್ಲಿ ಒಂದು ಹೆಜ್ಜೆ ತಪ್ಪಿದರೆ ಯಾವ ದೇಶದ ಉಕ್ಕೂ ಕೆಲಸಕ್ಕೆ ಬಾರದು. ಸಂತೆಯ ರಾಶಿಯಲ್ಲಿ ಸಿಗುವ ಎಷ್ಟೋ ಸಿದ್ಧ ಕುಡುಗೋಲುಗಳು ಹದವೇ ಕಾಣದವು: ತಗಡು ಕತ್ತರಿಸಿ, ಸಾಣೆ ಹಿಡಿದು, ಬಣ್ಣ ಬಳಿದು ಮಾರಿದವು.

ಹಿಂದೆ ಹದ ಕೆಟ್ಟರೆ ಅದರ ಭಾರ ಕಮ್ಮಾರನ ಮೇಲೇ ಬೀಳುತ್ತಿತ್ತು. ಆಯದ ಪದ್ಧತಿಯಲ್ಲಿ ರೈತ ಕೊಳ್ಳುತ್ತಿದ್ದುದು ಕುಡುಗೋಲನ್ನಲ್ಲ, ವರ್ಷವಿಡೀ ಹರಿತವಾಗಿರುವ ಕುಡುಗೋಲನ್ನು. ಸುಗ್ಗಿಯಲ್ಲಿ ಕಣಕ್ಕೆ ಬಂದು ಕಾಳು ಅಳೆಸಿಕೊಂಡ ಕಮ್ಮಾರ, ಕುಳ ಹಣಿದು, ಬಾಯಿ ಬಡಿದು ಕೊಡಲು ಬದ್ಧ. ಅದೇ ಕುಡುಗೋಲು ಪದೇ ಪದೇ ದುರಸ್ತಿಗೆ ಬಂದರೆ ನಷ್ಟ ಅವನದೇ. ಆ ಪದ್ಧತಿಯಲ್ಲಿ ಜಾತಿಯ ಕಟ್ಟು, ಬಿಟ್ಟಿ ದುಡಿಮೆ ಎಲ್ಲ ಇತ್ತು, ಅದು ಮರಳಿ ಬರಲಿ ಎನ್ನುವ ಮಾತೇ ಇಲ್ಲ. ಆದರೆ ಹರಿತಕ್ಕೆ ಹೊಣೆ ಹೊರುವವನೊಬ್ಬನಿದ್ದ. ಈಗ ಮಾರಿದವನ ಹೊಣೆ ಚೀಲಕ್ಕೆ ಹಾಕಿ ಕೊಡುವಲ್ಲಿಗೆ ಮುಗಿಯಿತು.

ಹೊಸ ಹೊಣೆಗಾರರನ್ನು ಮಾಡಬಹುದು. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಒಂದು. ತರಬೇತಿಯ ವೇಳೆ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿವರೆಗೆ ನೆರವು ಅದರಲ್ಲಿದೆ. ಆ ಸಲಕರಣೆಯ ಪೆಟ್ಟಿಗೆಯಲ್ಲಿ ಒಂದು ಉಷ್ಣಮಾಪಕ, ಗಡಸುತನ ಪರೀಕ್ಷಿಸುವ ಅರಗಳ ಒಂದು ಜೊತೆ, ಹದಕ್ಕೊಂದು ಪುಟ್ಟ ಕರೆಂಟಿನ ಒಲೆ ಇರಲಿ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಕೃಷಿ ಎಂಜಿನಿಯರಿಂಗ್ ಕಾಲೇಜೇ ಇದೆ. ಭತ್ತಕ್ಕೆ ಯಾವ ಉಕ್ಕು, ಯಾವ ಕೋನ, ಎಷ್ಟು ಡಿಗ್ರಿ ಹದ, ತೊಗರಿಗೆ ಯಾವುದು ಎಂದು ಸಿಂಧನೂರಿನ ಗದ್ದೆಯಲ್ಲಿ, ಮಸ್ಕಿಯ ಬೆದ್ದಲು ಹೊಲದಲ್ಲಿ ಕೊಯ್ದು ನೋಡಿ ಒಂದು ಪುಟದ ಕನ್ನಡ ಪಟ್ಟಿ ಹೊರತರುವುದು ಅವರಿಗೆ ದೊಡ್ಡ ಕೆಲಸವಲ್ಲ. ಶೆಫೀಲ್ಡ್‌ನ ಕಾಗದ ನಮಗೆ ಬೇಡ.

ಅಲ್ಲಿಯವರೆಗೆ ಓದುಗರು ಮಾಡಬಹುದಾದದ್ದು ಒಂದಿದೆ. ಸಂತೆಗೆ ಕುಡುಗೋಲು ಕೊಳ್ಳಲು ಹೋಗುವಾಗ ಒಂದು ಒಳ್ಳೆಯ ಅರ ಜೊತೆಗಿರಲಿ. ಅಂಗಡಿಯವನ ಒಪ್ಪಿಗೆ ಪಡೆದು ಅಲಗಿನ ಬಾಯಿಯ ಮೇಲೆ ಹಿಡಿಯ ಹತ್ತಿರ ಒಮ್ಮೆ ಎಳೆಯಿರಿ. ಅರ ಕಷ್ಟಪಟ್ಟು ಕಚ್ಚಿದರೆ ಹದ ಸರಿಯಿದೆ, ಕೊಳ್ಳಿ. ಗಾಜಿನ ಮೇಲೆ ಎಳೆದಂತೆ ಜಾರಿದರೆ ಭತ್ತಕ್ಕೆ ನಡೆದೀತು, ತೊಗರಿಗೆ ಚಕ್ಕೆ ಏಳುತ್ತದೆ. ಸಲೀಸಾಗಿ ಕೊರೆದು ಪುಡಿ ಉದುರಿದರೆ, ಎಷ್ಟೇ ಅಗ್ಗವಾಗಿದ್ದರೂ ಕೆಳಗಿಟ್ಟು ಬನ್ನಿ.